ಗಾದಿ ಬಿಚ್ಚುವ ಮುಂಚಿನ ಮಾತು

ಲಕ್ಷ್ಮೇಶ್ವರದಲ್ಲಿ ಬಸ್ಸಿಳಿದು ಬಜಾರದ ಕಡೆ ಹೊರಟಾಗ ಒಂದು ಓಣಿಯ ಬಾಯಲ್ಲಿ ಆ ವಾಸನೆ ಬಂತು. ಹಳೆಯ ಗಾದಿಯನ್ನು ಬಿಚ್ಚಿ ಹತ್ತಿಯನ್ನು ಬಿಸಿಲಿಗೆ ಹರವಿದಾಗ ಬರುವ ವಾಸನೆ ಅದು. ಅದರಲ್ಲಿ ಧೂಳಿದೆ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯಿದೆ, ಮಲಗಿ ಎದ್ದ ಮೈಗಳ ಬೆವರಿದೆ, ಎಲ್ಲದರ ಕೆಳಗೆ ಕರಿಮಣ್ಣಿನ ಹೊಲದ ಒಣ ಘಾಟೂ ಇದೆ. ನಾನು ನಿಂತುಬಿಟ್ಟೆ. ಆ ಕ್ಷಣಕ್ಕೆ ಕಣ್ಣಿಗೆ ಬಂದದ್ದು ಮಾತ್ರ ಲಕ್ಷ್ಮೇಶ್ವರವಲ್ಲ. ಕೆಂಪು ಇಟ್ಟಿಗೆಯ ಮುಚ್ಚಿದ ಗಿರಣಿಗಳು, ಅವುಗಳ ಮೇಲೆ ಬೂದು ಆಕಾಶ, ಒಂದು ಹಳೆಯ ಕಟ್ಟಡದ ಮೇಲುಮಹಡಿಯ ಕೋಣೆ, ಆ ಕೋಣೆಯಲ್ಲೊಂದು ಮಂಚ.

ಪೋಲೆಂಡಿನ ವುಚ್ ಎಂಬ ಊರಿಗೆ ನಾನು ಸಿನಿಮಾ ಎಡಿಟಿಂಗ್ ಓದಲು ಹೋಗಿದ್ದೆ. ಓದು ಮುಗಿದಿತ್ತು, ವೀಸಾ ಇನ್ನೂ ಉಳಿದಿತ್ತು. ಮಧ್ಯಾಹ್ನದ ಮೇಲೆ ಒಂದು ಕಂಪನಿಯಲ್ಲಿ ಟೀವಿ ಕಾರ್ಯಕ್ರಮಗಳಿಗೆ ಅಡಿಬರಹ ಕೂರಿಸುವ ಕೆಲಸ ಮಾಡುತ್ತಿದ್ದೆ. ಬೆಳಗಿನ ಹೊತ್ತು ನನ್ನ ಮೊದಲ ಸಾಕ್ಷ್ಯಚಿತ್ರಕ್ಕೆ ಮೀಸಲು. ಅದಕ್ಕೆ ನಿರ್ಮಾಪಕರಿರಲಿಲ್ಲ, ಬೆನ್ನಿಗೆ ಯಾವ ಸಂಸ್ಥೆಯೂ ಇರಲಿಲ್ಲ. ಕ್ಯಾಮೆರಾ ಗೆಳತಿಯೊಬ್ಬಳದು, ಮೈಕು ಮಾತ್ರ ನನ್ನದು. ನಾನು ಬರೆಯುತ್ತಿರುವುದು ಅಲ್ಲಿ ಕಳೆದ ಆ ಒಂದು ಚಳಿಗಾಲದ ಬಗ್ಗೆ.

ವುಚ್ ಕೂಡ ಒಂದು ಕಾಲಕ್ಕೆ ಹತ್ತಿಯ ಊರೇ. ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಹಲೀನಾ ಎಂಬ ಮುದುಕಿ ಹರೆಯದಲ್ಲಿ ನೂಲಿನ ಗಿರಣಿಯಲ್ಲಿ ದುಡಿದವರು. ಅವರ ಅರೆಬರೆ ಇಂಗ್ಲಿಷು, ನನ್ನ ಅರೆಬರೆ ಪೋಲಿಷು ಸೇರಿ ನಮ್ಮಿಬ್ಬರ ನಡುವೆ ಒಂದು ಮಾತು ಆಗುತ್ತಿತ್ತು. ಹೆಚ್ಚು ಮಾತಾಡದ ಇಬ್ಬರು ಹೆಂಗಸರಿಗೆ ಅಷ್ಟು ಸಾಕಾಗಿತ್ತು.

ನನ್ನ ಚಿತ್ರ ಇದ್ದದ್ದು ಲಕ್ಷ್ಮೇಶ್ವರದ ಹುಸೇನಸಾಬರ ಮೇಲೆ. ಅವರು ಹತ್ತಿ ಬಡಿದು ಗಾದಿ ಹೊಲಿಯುವ ಪಿಂಜಾರರು. ಹೆಗಲ ಮೇಲೆ ಕಮಾನು ಹೊತ್ತು, ಸುಗ್ಗಿ ಮುಗಿದ ಮೇಲೆ ಲಗ್ನದ ಕಾಲದವರೆಗೂ ಊರೂರು ತಿರುಗುತ್ತಿದ್ದರು. ಅವರ ಕಮಾನು ಎಂದರೆ ಆಳುದ್ದದ ಮರದ ಬಿಲ್ಲು. ಅದರ ತಂತಿಯನ್ನು ಹತ್ತಿಯ ರಾಶಿಗೆ ತಾಗಿಸಿ ಮರದ ಗುಂಡಿನಿಂದ ಹೊಡೆದರೆ ಗಂಟುಗಟ್ಟಿದ ಹತ್ತಿ ಬಿಡಿಬಿಡಿಯಾಗಿ ಹಾರಿ ಮತ್ತೆ ಹೊಸ ಅರಳೆಯಾಗುತ್ತದೆ. ಗದಗದಲ್ಲಿ ಹತ್ತಿ ಬಡಿಯುವ ಮಷಿನ್ನು ಬಂದು ಎಷ್ಟೋ ಕಾಲವಾಗಿದ್ದರೂ ಅವರು ಕಮಾನು ಬಿಟ್ಟಿರಲಿಲ್ಲ. ಗದಗ ಬೇರೆ ಜಿಲ್ಲೆಯಾದದ್ದನ್ನೂ ಅವರು ಪೂರ್ತಿ ಒಪ್ಪಿಕೊಂಡಿರಲಿಲ್ಲ. ವಿಳಾಸ ಕೇಳಿದವರಿಗೆ "ಲಕ್ಷ್ಮೇಶ್ವರ, ಧಾರವಾಡ ಜಿಲ್ಲಾ" ಎಂದೇ ಹೇಳುತ್ತಿದ್ದರು. ಜಿಲ್ಲೆಯಾದಾಗ ನಾನು ಅಂಬೆಗಾಲಿಡುತ್ತಿದ್ದ ಕೂಸು. ನನಗೆ ಹಳೆಯ ಜಿಲ್ಲೆಯ ನೆನಪೇ ಇಲ್ಲ ಎಂದರೆ ಅವರು ನನ್ನನ್ನು ಪರದೇಶದವಳ ಹಾಗೆ ನೋಡುತ್ತಿದ್ದರು.

ಆ ಚಳಿಗಾಲಕ್ಕೆ ಮುಂಚಿನ ಬೇಸಿಗೆಯಲ್ಲಿ ಊರಿಗೆ ಬಂದು, ಅವರ ಹಿಂದೆ ನಾನು ಕ್ಯಾಮೆರಾ ಹೊತ್ತು ಬಸ್ಸು ಹತ್ತುತ್ತಿದ್ದೆ. ಒಮ್ಮೆ ಮುಂಡರಗಿಗೆ ಹೋಗುವ ಬಸ್ಸಿನಲ್ಲಿ ಆ ಉದ್ದನೆಯ ಕಮಾನು ಕಂಡಕ್ಟರನ ಟೋಪಿಗೆ ತಗುಲಿತು.

"ಅಜ್ಜಾರ, ಇದಕ್ಕೊಂದು ಬ್ಯಾರೆ ಟಿಕೇಟ್ ತಗೋರಿ. ಇಬ್ಬರ ಜಾಗಾ ಹಿಡದೈತಿ."

"ಇದು ನನಗಿಂತ ಹಿರಿಯದೈತೋ ತಮ್ಮಾ. ಹಿರಿಯ ನಾಗರಿಕ. ಪಾಸ್ ಮನ್ಯಾಗ ಬಿಟ್ಟು ಬಂದೈತಿ."

ಇಡೀ ಬಸ್ಸು ನಕ್ಕಿತ್ತು. ನಾನು ಕ್ಯಾಮೆರಾದ ಹಿಂದೆ ನಗುವುದನ್ನು ತಡೆದುಕೊಂಡಿದ್ದೆ. ತಡೆಯಲಾಗದ ಒಂದು ಸಣ್ಣ ಸದ್ದು ಆ ದೃಶ್ಯದಲ್ಲಿ ಈಗಲೂ ಕೇಳುತ್ತದೆ.

ಹುಸೇನಸಾಬರು ಎಲ್ಲಕ್ಕೂ ಒಪ್ಪಿದ್ದರು, ಒಂದನ್ನು ಬಿಟ್ಟು. ನಮ್ಮ ಕಡೆ ತೀರಿಕೊಂಡವರ ಗಾದಿಯನ್ನು ಎಸೆಯುವುದಿಲ್ಲ. ಬಿಚ್ಚಿಸಿ, ಹತ್ತಿಯನ್ನು ಬಡಿಸಿ, ಮನೆಯ ಕೂಸಿಗೋ ಮೊಮ್ಮಕ್ಕಳಿಗೋ ಸಣ್ಣ ಹಾಸಿಗೆ ಮಾಡಿಸುವವರು ಈಗಲೂ ಇದ್ದಾರೆ. ಅಂಥ ಗಾದಿಯ ಹೊಲಿಗೆ ಕತ್ತರಿಸುವ ಮುಂಚೆ ಹುಸೇನಸಾಬರು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗೆ ಆ ಗಾದಿಗೆ ಒಂದು ಮಾತು ಹೇಳುತ್ತಿದ್ದರು. ಎಲ್ಲ ಪಿಂಜಾರರೂ ಹೀಗೆ ಮಾಡುತ್ತಾರೆಂದು ನಾನು ಹೇಳುವುದಿಲ್ಲ. ಇದು ಅವರ ಮನೆತನದ ರೀತಿ, ತಂದೆಯಿಂದ ಮಗನಿಗೆ ಬಂದದ್ದು. ಆ ಮಾತು ಹೇಳದೆ ಗಾದಿ ಬಿಚ್ಚಿದರೆ ಅದರಲ್ಲಿ ಮಲಗಿದ್ದವರು ಎದ್ದು ಹೋಗುವುದಿಲ್ಲ, ಆ ಹತ್ತಿಯ ಮೇಲೆ ಮಲಗುವ ಕೂಸಿಗೆ ನಿದ್ದೆ ಹತ್ತುವುದಿಲ್ಲ ಎಂದು ಅವರು ನಂಬಿದ್ದರು. ಕರೆಸುವ ಮನೆಗಳವರೂ ನಂಬಿದ್ದರು. ಹಿಂದೂ ಮನೆ, ಮುಸಲ್ಮಾನ ಮನೆ ಎಂಬ ಭೇದ ಅದಕ್ಕಿರಲಿಲ್ಲ.

"ಎಲ್ಲಾ ತಕ್ಕೋ ಯವ್ವಾ," ಅಂದಿದ್ದರು ಮೊದಲ ದಿನವೇ. "ಕಮಾನು ತಕ್ಕೋ, ನನ್ನ ಬೊಕ್ಕ ಬಾಯಿ ತಕ್ಕೋ, ಈಕಿ ನನಗ ಬೈಯೂದೂ ತಕ್ಕೋ. ಇದೊಂದು ಬ್ಯಾಡ."

"ಯಾಕ್ರಿ ಅಜ್ಜಾ?"

"ಹೋಗೋರಿಗೆ ಹೇಳೂ ಮಾತದು. ಇರೋರು ಕೇಳಿ ಏನ್ ಮಾಡ್ತೀರಿ?"

ಅಡುಗೆಮನೆಯಿಂದ ಅವರ ಹೆಂಡತಿ ಬೀಬಿಜಾನ ಕೂಗಿದರು. "ಲಗ್ನಾ ಆಗಿ ಕೂದಲಾ ಬೆಳ್ಳಗಾದ್ರೂ ನನಗ ಹೇಳಿಲ್ಲವ್ವಾ. ನಿನಗ ಹೇಳ್ತಾರೇನು?"

"ನಿನಗ ಹೇಳಿದ್ರ ಲಕ್ಷ್ಮೇಶ್ವರಕ್ಕ ಡಂಗುರಾ ಹೊಡಸಿದಂಗ ಆಕ್ಕೈತಿ," ಅಂದರು ಹುಸೇನಸಾಬರು. ಪಕ್ಕದಲ್ಲಿ ಗಾದಿಗೆ ದಬ್ಬಣದಿಂದ ಟಾಕಿ ಹಾಕುತ್ತಿದ್ದ ಮಗಳು ಮಮತಾಜ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅವರ ಮನೆಯ ಮಾತು ಕನ್ನಡವೇ. ಮಗ ರಫೀಕ ಹುಬ್ಬಳ್ಳಿಯಲ್ಲಿ ಫೋಮಿನ ಗಾದಿ ಮಾರುವ ಅಂಗಡಿ ಸೇರಿದ್ದ. ಈ ಮಾತನ್ನು ಕಲಿ ಎಂದು ಅಪ್ಪ ಕರೆದಾಗಲೆಲ್ಲ ಅವನು "ಫೋಮಿಗೆ ಏನಂತ ಹೇಳ್ಲಿ ಅಪ್ಪಾ" ಎಂದು ತಪ್ಪಿಸಿಕೊಳ್ಳುತ್ತಿದ್ದನಂತೆ.

ನಾನು ಈ ಚಿತ್ರಕ್ಕೆ ಕೈ ಹಾಕಿದ್ದಕ್ಕೆ ಒಂದು ಕಾರಣವಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಹತ್ತು ವರ್ಷವಿದ್ದಾಗ ಹುಸೇನಸಾಬರು ಬೆಟಗೇರಿಯ ನಮ್ಮ ಮನೆಗೆ ಬಂದಿದ್ದರು. ಅವ್ವ ತೀರಿಕೊಂಡಿದ್ದಳು. ಅವಳ ಗಾದಿಯನ್ನು ನಡುಮನೆಯಲ್ಲಿ ಹಾಸಿ, ನಮ್ಮೆಲ್ಲರನ್ನೂ ಹೊರಗೆ ಕಳಿಸಿ, ಅವರು ಬಾಗಿಲು ಹಾಕಿಕೊಂಡರು. ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಬಾಗಿಲ ಆಚೆ ಒಬ್ಬ ಅಪರಿಚಿತ ಗಂಡಸು ನಮ್ಮವ್ವನ ಜೊತೆ ಮೆಲ್ಲಗೆ ಏನೋ ಮಾತಾಡುತ್ತಿದ್ದ. ನನಗೆ ಕೇಳಿಸದ ಹಾಗೆ ಮಾತಾಡುತ್ತಿದ್ದ. ಆಮೇಲೆ ಕಮಾನಿನ ಸದ್ದು ಶುರುವಾಯಿತು. ಅವರು ಏನು ಹೇಳಿದರೆಂದು ನನಗೆ ತಿಳಿಯಬೇಕಾಗಿತ್ತು. ಚಿತ್ರ ಮಾಡುವಾಗ ಹುಸೇನಸಾಬರು ಒಮ್ಮೆ "ಬೆಟಗೇರಿಯಾಗ ನಿಮ್ಮದು ಯಾವ ಓಣಿ?" ಎಂದು ಕೇಳಿದರು. ನಾನು ಇನ್ನಾವುದೋ ಮಾತು ತೆಗೆದೆ. ಅವರು ಮತ್ತೆ ಕೇಳಲಿಲ್ಲ.

ಆ ಬೇಸಿಗೆಯ ಕೊನೆಗೆ ಶಿರಹಟ್ಟಿಯ ಒಂದು ಮನೆಯಿಂದ ಕರೆ ಬಂತು. ಆ ಊರಿನ ಶಾಲೆಯಲ್ಲಿ ಅರ್ಧ ಊರಿಗೇ ಅಕ್ಷರ ಕಲಿಸಿದ್ದ ಅಕ್ಕೋರು ತೀರಿಕೊಂಡಿದ್ದರು. ಬಾಗಿಲು ಹಾಕಿಕೊಳ್ಳುವ ಮುಂಚೆ ಹುಸೇನಸಾಬರು ನನ್ನತ್ತ ತಿರುಗಿದರು.

"ಕ್ಯಾಮೆರಾ ಬಂದ್ ಮಾಡೀಯಿಲ್ಲೋ?"

"ಮಾಡೇನ್ರಿ ಅಜ್ಜಾ."

ನಾನು ಹೇಳಿದ್ದು ಖರೆಯೇ ಆಗಿತ್ತು. ಆದರೆ ಹತ್ತಿಯ ಎಳೆ ಹೋಗಿ ಕೂತು ಮೈಕು ಹಾಳಾಗುತ್ತದೆಂದು ಬೆಳಿಗ್ಗೆಯೇ ಅದನ್ನು ಅವರ ಅಂಗಿಯ ಒಳಗೆ, ಬನಿಯನ್ನಿಗೆ ಸಿಕ್ಕಿಸಿದ್ದೆ. ಅದು ಅವರಿಗೂ ಮರೆತಿತ್ತು, ನನಗೂ ಮರೆತಿತ್ತು. ಮನೆಯವರು ಕೊಟ್ಟ ಚಹಾ ಹಿಡಿದು ನಾನು ಪಡಸಾಲೆಯಲ್ಲಿ ಕುಳಿತಿದ್ದೆ. ಪಕ್ಕದ ಚೀಲದಲ್ಲಿ ಧ್ವನಿ ಹಿಡಿಯುವ ಯಂತ್ರ ಸುಮ್ಮನೆ ಓಡುತ್ತಿತ್ತು.

ಮಳೆಗಾಲದ ಹೊತ್ತಿಗೆ ನಾನು ವುಚ್‌ಗೆ ಮರಳಿದೆ. ಅಲ್ಲಿ ಎಲೆಯುದುರಿ ಚಳಿ ಶುರುವಾಗುವಾಗ ಮಮತಾಜಳ ದನಿ ಫೋನಿಗೆ ಬಂತು. ಅಳು ಮುಗಿದ ಮೇಲಿನ ಒಣ ದನಿ.

"ಅಕ್ಕಾರ, ಅಪ್ಪ ಹೋದ್ರು. ಮಧ್ಯಾಹ್ನ ಉಂಡು ಮಲಗಿದ್ರು, ಏಳಲೇ ಇಲ್ಲ. ನಿಮಗ ಖಬರ ಕೊಡಬೇಕಂತ ಅವ್ವ ಹೇಳಿದ್ಲು."

ಅಂದಿನಿಂದ ನನ್ನ ಬೆಳಗುಗಳು ಬೇರೆಯಾದವು. ಎದ್ದು, ಹೀಟರಿನ ಪಕ್ಕ ಕುಳಿತು, ಹೆಡ್‌ಫೋನು ಹಾಕಿದರೆ ಅವರು ಬದುಕಿರುತ್ತಿದ್ದರು. ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಬೀಡಿ ಹಚ್ಚುತ್ತಿದ್ದರು, ನನ್ನನ್ನು ಯವ್ವಾ ಎಂದು ಕರೆಯುತ್ತಿದ್ದರು. ಹೆಡ್‌ಫೋನು ತೆಗೆದರೆ ಇರುತ್ತಿರಲಿಲ್ಲ. ಅವರ ಎದೆಗೆ ಅಷ್ಟು ಹತ್ತಿರ ಮೈಕು ಇದ್ದುದರಿಂದ ಮಾತಿನ ಕೆಳಗೆ ಉಸಿರೂ ಕೇಳುತ್ತಿತ್ತು. ಎಡಿಟಿಂಗಿನಲ್ಲಿ ಉಸಿರನ್ನು ಕತ್ತರಿಸಿ ತೆಗೆಯುವುದು ರೂಢಿ. ನನಗೆ ಕೈ ಬರಲಿಲ್ಲ. ಕೆಲಸಕ್ಕೆ ಹೋಗುವ ಟ್ರಾಮಿನ ಮೇಲೆ ಚಳಿಗೆ ಬಿಗಿದ ತಂತಿ ಕಂಪಿಸಿ ಒಂದು ಸದ್ದು ಬರುತ್ತದೆ. ಅದು ಕಮಾನಿನದೇ ಸದ್ದು. ತಲೆಯೆತ್ತಿ ನೋಡುವುದನ್ನು ಬಿಡಲು ನನಗೆ ಬಹಳ ದಿನ ಬೇಕಾಯಿತು.

ಹಿಮ ಬೀಳತೊಡಗಿದ ಮೇಲಿನ ಒಂದು ಬೆಳಿಗ್ಗೆ ಶಿರಹಟ್ಟಿಯ ಧ್ವನಿ ತೆರೆದೆ. ಬಾಗಿಲು ಹಾಕಿಕೊಂಡ ಸದ್ದು ಬಂತು. ಆಮೇಲೆ ಏನೂ ಇರಬಾರದಿತ್ತು. ಆದರೆ ಇತ್ತು.

ಮೊದಲು ಗಾದಿಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದ ಸದ್ದು. ಆಮೇಲೆ ಆ ಮಾತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಮಂತ್ರವಲ್ಲ, ಪ್ರಾರ್ಥನೆಯೂ ಅಲ್ಲ, ಅದರಲ್ಲಿ ದೇವರ ಹೆಸರೂ ಇಲ್ಲ ಎಂದಷ್ಟೇ ಹೇಳಬಹುದು. ಶಾಲೆಗೆ ಹೊತ್ತಾಗುವ ಮಗುವನ್ನು ತಾಯಿ ಬೆಳಿಗ್ಗೆ ಎಬ್ಬಿಸುವಾಗ ಆಡುವಂಥ, ನಮ್ಮ ಕಡೆಯ ಯಾವ ಮನೆಯಲ್ಲೂ ದಿನಾ ಕೇಳುವಂಥ ಒಂದು ಸಾದಾ ಮಾತು. ಅಷ್ಟು ಸಾದಾ ಇದ್ದದ್ದಕ್ಕೇ ಹಿಂದೆ ಸರಿಸಿ ಇನ್ನೊಮ್ಮೆ ಕೇಳಿದೆ.

ಅದು ಮುಗಿದ ಮೇಲೂ ಅವರು ಮಾತಾಡುತ್ತಿದ್ದರು. ತೀರಿಕೊಂಡ ಅಕ್ಕೋರ ಜೊತೆ, ಕಟ್ಟೆಯ ಮೇಲೆ ಕುಳಿತು ಹರಟುವ ದನಿಯಲ್ಲಿ.

"ಹೊರಗ ಕುಂತೈತಲ್ರಿ ಅಕ್ಕೋರ, ಕ್ಯಾಮೆರಾದ ಹುಡುಗಿ, ಅದು ಬೆಟಗೇರಿದು. ಅವರವ್ವನ್ನೂ ನಾನ ಎಬ್ಬಿಸಿ ಕಳಿಸೇನಿ. ಸಣ್ಣದಿತ್ತು ಆಗ, ಕಟ್ಟಿ ಮ್ಯಾಲೆ ಕುಂತಿತ್ತು. ಈಗ ನೋಡ್ರಿ. ತಾನ ಯಾರಂತ ಹೇಳವಲ್ದು, ನಾನೂ ಕೇಳಿಲ್ಲ. ಹಾದ್ಯಾಗ ಅವರವ್ವ ಸಿಕ್ರ ಹೇಳ್ರಿ, ಮಗಳು ಆರಾಮದಾಳ ಅಂತ."

ಆಮೇಲೆ ಹೊಲಿಗೆ ಕತ್ತರಿಸಿದ ಸದ್ದು ಬಂತು.

ನಾನು ಹೆಡ್‌ಫೋನು ತೆಗೆದಿಟ್ಟೆ. ನನ್ನನ್ನು ಗುರುತಿಸಿದ್ದರು. ಇಡೀ ಬೇಸಿಗೆ ಗುರುತಿಸಿಯೂ ಸುಮ್ಮನಿದ್ದರು. ನಾನು ಯಾವುದನ್ನು ಮುಚ್ಚಿಟ್ಟುಕೊಂಡಿದ್ದೆನೋ ಅದನ್ನು ಅವರೂ ನನ್ನ ಪರವಾಗಿ ಮುಚ್ಚಿಟ್ಟಿದ್ದರು. ಅವ್ವನಿಗೆ ಏನು ಹೇಳಿದರೆಂದು ಇಷ್ಟು ವರ್ಷ ಹುಡುಕಿದ್ದೆ. ಈಗ ಅದು ಸಿಕ್ಕಿತ್ತು. ಕೇಳಬಾರದೆಂದು ಅವರು ಹೇಳಿದ ಮಾತನ್ನು ಕೇಳಿಯಾಗಿತ್ತು. ಇನ್ನು ಕೇಳದವಳಾಗಲು ಬರುವಂತಿರಲಿಲ್ಲ.

ಅದೇ ವಾರ ಇರಬೇಕು, ಹಲೀನಾ ನನ್ನ ಕೋಣೆಯ ಕಿಟಕಿಯ ಸಂದಿಗೆ ಬಟ್ಟೆ ತುರುಕಲು ಬಂದರು. ಮಂಚದ ಮೇಲೆ ಕುಳಿತು ಮೊಣಕಾಲು ಒತ್ತಿಕೊಳ್ಳುತ್ತಾ, ಹವಾಮಾನದ ಬಗ್ಗೆ ಹೇಳುವಷ್ಟೇ ಸಹಜವಾಗಿ ಹೇಳಿದರು. "ಈ ಹಾಸಿಗೆ ಬೆಚ್ಚಗಿದೆ, ಅಲ್ಲವೇ? ಒಳಗೆ ಕುರಿಯ ಉಣ್ಣೆ ತುಂಬಿದೆ. ನನ್ನ ಅಕ್ಕನದು. ಇದರ ಮೇಲೆಯೇ ಹೋದಳು, ನೀನು ಬರುವ ಮುಂಚೆ."

ಚೆನ್ನಾಗಿದೆ ಎಂದೆ. ಅವರು ಹೋದ ಮೇಲೆ ಆ ಹಾಸಿಗೆಯನ್ನು ನೋಡಿದೆ. ಮಧ್ಯದಲ್ಲಿ ಒಂದು ತಗ್ಗು ಇತ್ತು. ನನ್ನ ಮೈಗಿಂತ ದೊಡ್ಡ ಮೈಯೊಂದು ಬಹಳ ವರ್ಷ ಮಲಗಿ ಮಾಡಿದ ತಗ್ಗು. ಬಂದ ದಿನದಿಂದ ನಾನು ಅದರೊಳಗೇ ಮಲಗುತ್ತಿದ್ದೆ, ನನಗೆ ಆ ಊರಿನಲ್ಲಿ ಒಂದು ದಿನವೂ ಸರಿಯಾಗಿ ನಿದ್ದೆ ಹತ್ತಿರಲಿಲ್ಲ. ಹೊಸ ಊರು, ಚಳಿ, ಕೆಲಸ ಎಂದು ಕಾರಣ ಕೊಟ್ಟುಕೊಂಡಿದ್ದೆ. ಈಗಲೂ ಕಾರಣ ಅದೇ ಇರಬಹುದು. ಆದರೆ ಅಂದಿನಿಂದ ನಾನು ಹಾಸಿಗೆಯ ಅಂಚಿನಲ್ಲಿ, ಇನ್ನೊಬ್ಬರಿಗೆ ಜಾಗ ಬಿಟ್ಟವಳ ಹಾಗೆ ಮಲಗತೊಡಗಿದೆ.

ಚಿತ್ರದ ಒಂದು ರೂಪ ಸಿದ್ಧವಾದಾಗ ಹಳೆಯ ಅಧ್ಯಾಪಕರೊಬ್ಬರಿಗೆ ತೋರಿಸಿದೆ. ಅವರು ಪೂರ್ತಿ ನೋಡಿ, ಕನ್ನಡಕ ಒರೆಸಿಕೊಂಡು, "ಬಾಗಿಲು ಮುಚ್ಚಿಕೊಳ್ಳುತ್ತದೆ, ನೀನು ಹೊರಗೇ ಉಳಿಯುತ್ತೀಯ. ನಿನ್ನ ಜೊತೆ ನಾನೂ ಹೊರಗೇ ಉಳಿಯುತ್ತೇನೆ. ಚಿತ್ರ ಇರುವುದು ಒಳಗೆ," ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಮಾರನೆಯ ಬೆಳಿಗ್ಗೆ ನಾನು ಮುಚ್ಚಿದ ಬಾಗಿಲ ದೃಶ್ಯದ ಮೇಲೆ ಆ ತಟ್ಟಿದ ಸದ್ದನ್ನು, ಆ ಮಾತನ್ನು ಇಟ್ಟು ನೋಡಿದೆ. ಅವ್ವನ ಬಗೆಗಿನ ಭಾಗವನ್ನು ಬಿಟ್ಟೆ, ಮಾತನ್ನಷ್ಟೇ ಇಟ್ಟೆ. ಅಲ್ಲಿಯವರೆಗೆ ಕುಳಿತಿದ್ದ ಚಿತ್ರ ಎದ್ದು ನಿಂತ ಹಾಗಾಯಿತು. ಅದನ್ನು ತೆಗೆಯಲಿಲ್ಲ. ಇಡುತ್ತೇನೆಂದೂ ನಿಶ್ಚಯಿಸಲಿಲ್ಲ. ಒಂದು ಚಿತ್ರೋತ್ಸವಕ್ಕೆ ಕಳಿಸುವ ದಿನ ಹತ್ತಿರ ಬರುತ್ತಿತ್ತು.

ಆಗ ಮಮತಾಜ ಫೋನು ಮಾಡಿದಳು. ಅವಳಿಗೆ ದಿನ ತುಂಬುತ್ತಾ ಬಂದಿತ್ತು.

"ಅಕ್ಕಾರ, ಅಪ್ಪನ ಗಾದಿ ಇನ್ನೂ ಹಂಗ ಐತ್ರಿ. ಸುರಳಿ ಸುತ್ತಿ ಮೂಲ್ಯಾಗ ನಿಲ್ಲಸೇವಿ. ಅವ್ವ ಯಾರಿಗೂ ಮುಟ್ಟಗೊಡವಲ್ಲಳು. ರಫೀಕ ಗದಗಿನ ಮಷಿನ್ನಿಗೆ ಹಾಕಸ್ತೀನಿ ಅಂತ ಬಂದಿದ್ದ. ಅವ್ವ ಕಮಾನಿನ ಗುಂಡು ತಗೊಂಡ ಹೊಡಿಯಾಕ ಹೋದ್ಲು."

"ಯಾಕ?"

"ಅಪ್ಪ ಇನ್ನೂ ಎದ್ದಿಲ್ಲ ಅಂತಾಳ್ರಿ. ಎಬ್ಬಸೋರು ಇಲ್ಲ ಅಂತಾಳ. ಮುಂಜಾನೆ ಎದ್ದು ಆ ಗಾದಿ ಮುಂದ ಒಂದು ಕಪ್ ಚಾ ಇಡ್ತಾಳ. ಆರಿದ ಮ್ಯಾಲೆ ತಾನ ಕುಡೀತಾಳ. ಅದರ ಮಗ್ಗಲಕ ನೆಲದ ಮ್ಯಾಲ ಮಲಗತಾಳ. ಕೆಮ್ಮು ಕೇಳತೈತಿ ಅಂತಾಳ. ಅಪ್ಪ ಹೇಳಿದ್ರಲ್ರಿ, ನನ್ನ ಹತ್ತಿ ಮಮತಾಜನ ಕೂಸಿಗೆ ಅಂತ. ಕೂಸು ಬರೂ ಹೊತ್ತಾತು. ಗಾದಿ ಬಿಚ್ಚಾಕ ನನಗ ಬರತೈತಿ, ಬಡಿಯಾಕ ಬರತೈತಿ. ಆ ಮಾತು ಒಂದು ಬರೂದುಲ್ಲ."

ಹುಸೇನಸಾಬರು ಹಾಗೆ ಹೇಳಿದ್ದು ನನ್ನ ಬಳಿ ಚಿತ್ರವಾಗಿಯೇ ಇತ್ತು. ಹತ್ತಿಯ ಮೋಡದ ನಡುವೆ ಕುಳಿತು, ಆಗಷ್ಟೇ ಲಗ್ನವಾಗಿದ್ದ ಮಗಳನ್ನು ಕಾಡಿಸುತ್ತಾ ಹೇಳಿದ್ದರು.

"ಅಕ್ಕಾರ, ಒಂದು ಕೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ನಿಮ್ಮ ಮಷಿನ್ಯಾಗ ಅದೇನರ ಬಂದೈತೇನು?"

ಇಲ್ಲ ಎನ್ನಬಹುದಿತ್ತು. ಹುಸೇನಸಾಬರಿಗೆ ಕೊಟ್ಟ ಮಾತು ಉಳಿಯುತ್ತಿತ್ತು, ಬೀಬಿಜಾನ ನೆಲದ ಮೇಲೆಯೇ ಉಳಿಯುತ್ತಿದ್ದರು. ನನ್ನ ಮೌನ ಎಷ್ಟು ಹೊತ್ತು ಇತ್ತೋ, ಆ ಕಡೆ ಮಮತಾಜ ಉಸಿರು ಬಿಟ್ಟದ್ದು ಕೇಳಿತು. ಅವಳಿಗೆ ತಿಳಿದಿತ್ತು.

"ಗೊತ್ತಿಲ್ಲದ ಬಂದೈತಿ," ಅಂದೆ. "ಅಜ್ಜಾಗ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಜ್ಜಾರ ದನಿನ ಕಳಸ್ತೀನಿ, ಗಾದಿ ಮುಂದ ನೀನ ಹಚ್ಚು."

ಫೋನನ್ನು ಅವಳು ಅವ್ವನ ಕಡೆ ಹಿಡಿದಿದ್ದಳೆಂದು ಕಾಣುತ್ತದೆ. ಬೀಬಿಜಾನರ ದನಿ ದೂರದಿಂದ, ಗಟ್ಟಿಯಾಗಿ ಬಂತು. "ಬ್ಯಾಡ! ಹೋದವ್ರ ದನಿಲೇ ಹೋದವ್ರನ್ನ ಎಬ್ಬಸ್ತೀರೇನು? ತಿರುಗಿ ಬಂದಗಿಂದಾರು. ಜೀವ ಇದ್ದವ್ರ ಬಾಯಿಂದ ಬರಲಿ. ಆ ಹುಡುಗಿಗೇ ಹೇಳಂತ ಹೇಳು, ನೀ ಕಲಿ. ನಾ ಹೊರಗ ಹೋಗ್ತೀನಿ."

ಅವರು ಹೊರಗೆ ಹೋಗಿ ಬಾಗಿಲು ಎಳೆದುಕೊಂಡದ್ದು ಕೇಳಿತು. ನೆನಪು ಅಷ್ಟು ಕಾಡುತ್ತಿದ್ದ ಹೊತ್ತಿನಲ್ಲೂ ಗಂಡನ ಮಾತನ್ನು ಅವರು ಮೀರಲಿಲ್ಲ. ತಾನು ಕೇಳಬಾರದೆಂದರೆ ಕೇಳಬಾರದು.

"ಹೇಳ್ರಿ ಅಕ್ಕಾರ," ಅಂದಳು ಮಮತಾಜ. "ಒಮ್ಮೆ ಹೇಳ್ರಿ, ನಾ ಹಿಡಕೋತೀನಿ."

ಅಲ್ಲಿ ಮಧ್ಯಾಹ್ನವಾಗಿತ್ತು. ನನ್ನ ಕೋಣೆಯಲ್ಲಿ ಬೆಳಗಾಗಿತ್ತು. ಕಿಟಕಿಯ ಹಿಮ ಕರಗಿ ತೆಳ್ಳನೆಯ ಬಿಸಿಲು ಹಲೀನಾರ ಅಕ್ಕನ ಹಾಸಿಗೆಯ ಮೇಲೆ ಬಿದ್ದಿತ್ತು. ಆ ತಗ್ಗಿನಲ್ಲೂ ಬಿಸಿಲಿತ್ತು. ಆ ಮಾತನ್ನು ನಾನು ಅಲ್ಲಿಯವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ, ಮನಸ್ಸಿನಲ್ಲೂ ಪೂರ್ತಿಯಾಗಿ ಅಂದಿರಲಿಲ್ಲ. ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಅಂಗೈಯಿಂದ ಹಾಸಿಗೆಯನ್ನು ತಟ್ಟಿದೆ. ತಟ್ಟುವುದೂ ಕಲಿಸಬೇಕಾದದ್ದೇ ಆಗಿತ್ತು. ಆಮೇಲೆ ಹೇಳಿದೆ. ನನ್ನ ಬಾಯಿಂದ ಹೊರಟದ್ದು ಹುಸೇನಸಾಬರ ದನಿಯ ನಕಲಲ್ಲ. ಅವ್ವ ನನ್ನನ್ನು ಶಾಲೆಗೆ ಎಬ್ಬಿಸುತ್ತಿದ್ದ ದನಿ. ಅದು ನನ್ನಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಮಮತಾಜ ಅದನ್ನು ತಿರುಗಿ ಹೇಳಿದಳು. ಒಂದೇ ಸಲಕ್ಕೆ ಸರಿಯಾಗಿ ಬಂತು.

"ಇಷ್ಟೇ ಏನ್ರಿ?" ಅಂದಳು. ಆಮೇಲೆ ನಗುವೋ ಅಳುವೋ ತಿಳಿಯದ ಹಾಗೆ, "ಇದನ್ನ ದಿನಾ ಮುಂಜಾನೆ ನಮಗ ಅಂತಿದ್ರಲ್ರಿ ಅಪ್ಪ."

ಫೋನು ಇಡುವ ಮುಂಚೆ ಕೇಳಿದಳು. "ಅಕ್ಕಾರ, ಇದು ಪಿಚ್ಚರ್‌ನ್ಯಾಗ ಬರತೈತೇನು?"

"ಇಲ್ಲ," ಅಂದೆ. ನಿಶ್ಚಯ ಮಾಡಿದ್ದು ಆಮೇಲೆ. ಬಾಯಿ ಮೊದಲು ಹೇಳಿತ್ತು.

ತಿರುಗಿದರೆ ಬಾಗಿಲಲ್ಲಿ ಹಲೀನಾ ಚಹಾದ ಲೋಟ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯದು. ಅವರಿಗೆ ಕನ್ನಡದ ಒಂದಕ್ಷರ ಬಾರದು. ನನ್ನ ಮುಖವನ್ನು, ಹಾಸಿಗೆಯ ಮೇಲಿದ್ದ ನನ್ನ ಕೈಯನ್ನು ನೋಡಿದರು.

"ಯಾರನ್ನು ಎಬ್ಬಿಸುತ್ತಿದ್ದೀಯ?" ಎಂದರು.

ಅವರು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. "ನನ್ನ ಅಕ್ಕ ಏಳುವುದಕ್ಕೆ ಯಾವಾಗಲೂ ತಡಮಾಡುತ್ತಿದ್ದಳು," ಎಂದರು. "ಗಿರಣಿಯ ಸೈರನ್ನು ಆದ ಮೇಲೆ ನಾನೇ ಕಾಲು ಹಿಡಿದು ಎಳೆಯಬೇಕಿತ್ತು." ಆಮೇಲೆ ಚಾದರ ಎಳೆದು ತೆಗೆದರು. ನಾವಿಬ್ಬರೂ ಸೇರಿ ಆ ಭಾರದ ಹಾಸಿಗೆಯನ್ನು ಎತ್ತಿ ಬಾಲ್ಕನಿಯ ಕಂಬಿಯ ಮೇಲೆ ಬಿಸಿಲಿಗೆ ಹಾಕಿದೆವು. ಉಣ್ಣೆಯಿಂದ ವಾಸನೆ ಎದ್ದಿತು. ಹತ್ತಿಯದಲ್ಲ. ಆದರೂ ಮಲಗಿ ಎದ್ದವರ ವಾಸನೆ ಎಲ್ಲ ಕಡೆ ಒಂದೇ ಎಂದು ಆಗ ಅನ್ನಿಸಿತು. ಹಲೀನಾ ಕಂಬಿಗೆ ಆತು ಕೆಳಗಿನ ಬೀದಿಯನ್ನು, ಯಾರೋ ಹೋಗುವುದನ್ನು ನೋಡುವ ಹಾಗೆ ನೋಡುತ್ತಾ ಬಹಳ ಹೊತ್ತು ನಿಂತಿದ್ದರು. ನಾನು ಒಳಗೆ ಬಂದೆ.

ಅಂದೇ ಚಿತ್ರದಿಂದ ಆ ಮಾತನ್ನು ತೆಗೆದೆ. ಶಿರಹಟ್ಟಿಯ ಧ್ವನಿಯನ್ನು ಪೂರ್ತಿಯಾಗಿ ಇನ್ನೊಮ್ಮೆ, ಕೊನೆಯವರೆಗೂ ಕೇಳಿದೆ. ಮಗಳು ಆರಾಮದಾಳ ಅಂತ. ಆಮೇಲೆ ಅಳಿಸಿದೆ. ಅವ್ವನ ಭಾಗವನ್ನು 'ನನ್ನದು' ಎಂದು ಉಳಿಸಿಕೊಳ್ಳುವ ಆಸೆ ಬಂತು. ಆದರೆ ಅದೂ ಹೋಗುವವರ ಕೈಯಲ್ಲಿ ಹೇಳಿಕಳಿಸಿದ ಮಾತು. ನನಗೆಂದು ಹೇಳಿದ್ದಲ್ಲ.

ಚಿತ್ರದಲ್ಲಿ ಈಗ ಆ ಜಾಗದಲ್ಲಿ ಮುಚ್ಚಿದ ಬಾಗಿಲಿದೆ. ಪಡಸಾಲೆಯ ಸದ್ದುಗಳಿವೆ, ಬಸಿಯ ಮೇಲೆ ಕಪ್ಪು ಇಟ್ಟದ್ದು, ದೂರದಲ್ಲಿ ಒಂದು ಕೋಳಿ, ಮನೆಯವರೊಬ್ಬರ ನಿಟ್ಟುಸಿರು. ನೋಡುವವರು ಹೊರಗೇ ಕಾಯುತ್ತಾರೆ. ಬಹಳ ಹೊತ್ತಿನ ಮೇಲೆ ಕಮಾನು ಶುರುವಾಗುತ್ತದೆ. ಆ ಚಿತ್ರೋತ್ಸವ ಅದನ್ನು ತೆಗೆದುಕೊಳ್ಳಲಿಲ್ಲ. ಆಮೇಲೆ ಬೇರೆ ಕೆಲವು ಕಡೆ ಸಣ್ಣ ಕೋಣೆಗಳಲ್ಲಿ ತೋರಿಸಿದೆ. ಪ್ರತಿ ಸಲವೂ ಯಾರಾದರೊಬ್ಬರು ಒಳಗೆ ಏನು ಹೇಳಿದರೆಂದು ಕೇಳುತ್ತಾರೆ. ಗೊತ್ತಿಲ್ಲ ಎಂದು ಹೇಳುವುದು ನನಗೆ ರೂಢಿಯಾಗಿದೆ.

ಮಮತಾಜಳ ಮಗಳು ಅಜ್ಜನ ಹತ್ತಿಯ ಮೇಲೆಯೇ ಮಲಗಿ ಬೆಳೆದಳು. ಬೀಬಿಜಾನ ಈಗ ಚಹಾವನ್ನು ಬಿಸಿಯಿರುವಾಗಲೇ ಕುಡಿಯುತ್ತಾರಂತೆ.

ಆ ಓಣಿಯ ಬಾಯಲ್ಲಿ ನಿಂತಿದ್ದೆ ಎಂದೆನಲ್ಲ, ನಾನು ಹೊರಟಿದ್ದೂ ಅವರ ಮನೆಗೇ. ಅಂಗಳದಲ್ಲಿ ಯಾವುದೋ ಹಳೆಯ ಗಾದಿಯ ಹತ್ತಿ ಬಿಸಿಲಿಗೆ ಹರವಿತ್ತು. ಪಡಸಾಲೆಯಲ್ಲಿ ಇನ್ನೂ ಬಿಚ್ಚದ ಇನ್ನೊಂದು ಗಾದಿ ಇತ್ತು. ಅದನ್ನು ತಂದಿದ್ದ ಮುಂಡರಗಿಯ ಮಂದಿ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು. ಕಮಾನು ಗೋಡೆಗೆ ಆತು ನಿಂತಿತ್ತು.

"ಬರ್ರಿ ಅಕ್ಕಾರ, ಹೊತ್ತಿಗಿ ಸರಿಯಾಗಿ ಬಂದ್ರಿ," ಅಂದಳು ಮಮತಾಜ. ಮೊದಲಿಗಿಂತ ಸ್ವಲ್ಪ ದಪ್ಪಗಾಗಿದ್ದಳು, ದನಿಯಲ್ಲಿ ಅಪ್ಪನ ಗತ್ತು ಬಂದಿತ್ತು. "ಕುಂಡ್ರಿ. ಇದೊಂದು ಮುಗಿಸಿ ಬರ್ತೀನಿ. ಇಲ್ಲಂದ್ರ ನೀವೂ ಒಳಗ ಬರ್ರಿ, ಕಲಿಸಿದವ್ರು ನೀವ ಅಲ್ಲೇನು?"

"ಬ್ಯಾಡ, ಇಲ್ಲೇ ಕುಂಡರತೀನಿ," ಅಂದೆ.

ಅವಳು ಬಾಗಿಲು ಎಳೆದುಕೊಳ್ಳುವಾಗ ನಾನು ಎದ್ದು ಬಾಗಿಲಿಗೆ ಕೈ ಅಡ್ಡ ಕೊಟ್ಟೆ. ಹಾಗೆ ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

"ಯಾರದು ಗಾದಿ?"

"ಮುಂಡರಗಿ ಅಜ್ಜೀದ್ರಿ. ಮಾತಿನ ಮಲ್ಲಿ ಅಂತ."

"ಅವರ ಕೈಯಾಗ ಒಂದು ಮಾತು ಹೇಳಿಕಳಸ್ತೀಯೇನು?"

ಮಮತಾಜ ಆಶ್ಚರ್ಯಪಡಲಿಲ್ಲ. ಅಂಗಡಿಗೆ ಹೋಗುವವರ ಕೈಯಲ್ಲಿ ಏನು ತರಬೇಕೆಂದು ಕೇಳುವ ಹಾಗೆ ಕೇಳಿದಳು. "ಯಾರಿಗ್ರಿ?"

"ನಮ್ಮವ್ವಗ."

ಅವಳು ನನ್ನನ್ನು ನೋಡಿದಳು. ನಮ್ಮವ್ವನ ಗಾದಿಯನ್ನು ಅವಳ ಅಪ್ಪನೇ ಬಿಚ್ಚಿದ್ದರೆಂದು ಈವರೆಗೆ ಅವಳಿಗೆ ಹೇಳಿರಲಿಲ್ಲ.

"ಏನಂತ?"

ಏನು ಹೇಳಬೇಕೆಂದು ನಾನು ಯೋಚಿಸಿರಲಿಲ್ಲ. ಆರಾಮದೀನಿ ಎಂಬುದನ್ನು ಬಹಳ ಹಿಂದೆಯೇ ಇನ್ನೊಬ್ಬರು ಹೇಳಿಕಳಿಸಿದ್ದರು.

"ಪಿಚ್ಚರ್ ಮುಗೀತು ಅಂತ ಹೇಳು," ಅಂದೆ.

"ಆತ್ರಿ," ಅಂದು ಅವಳು ಬಾಗಿಲು ಹಾಕಿಕೊಂಡಳು. ನಾನು ಮುಂಡರಗಿಯವರ ಪಕ್ಕ, ಕಟ್ಟೆಯ ಮೇಲೆ ಕುಳಿತೆ.